ಹೆಚ್ಚುವರಿ ಗಂಟೆಗಳು ಯಾರ ಪಾಲಿನವು?

ಕೆಲಸದ ಅವಧಿಯನ್ನು ಹೆಚ್ಚಿಸುವ ಮಾತು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. 2023ರ ಫೆಬ್ರವರಿಯಲ್ಲಿ ವಿಧಾನಮಂಡಲವು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡು ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ಕಲ್ಪಿಸಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಹೆಚ್ಚುವರಿ ಕೆಲಸದ ಮಿತಿ 145ಕ್ಕೆ ಏರಿತು. ಮಹಿಳೆಯರ ರಾತ್ರಿ ಪಾಳಿಗೂ ಷರತ್ತುಬದ್ಧ ಅನುಮತಿ ದೊರೆಯಿತು. 2024ರಲ್ಲಿ ಮಾಹಿತಿ ತಂತ್ರಜ್ಞಾನ ವಲಯಕ್ಕೆ ದಿನಕ್ಕೆ 14 ಗಂಟೆಯ ಪ್ರಸ್ತಾಪ ಬಂದು ಕಾರ್ಮಿಕ ಸಂಘಟನೆಗಳ ಪ್ರತಿರೋಧವನ್ನು ಎದುರಿಸಿತು. 2025ರ ಜೂನ್‌ನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯನ್ನು ತಿದ್ದುವ ಪ್ರಸ್ತಾಪ ಮುಂದೆ ಬಂದಿತು. ದಿನಕ್ಕೆ 10 ಗಂಟೆ, ಹೆಚ್ಚುವರಿ ಸೇರಿ 12 ಗಂಟೆ, ಮೂರು ತಿಂಗಳಿಗೆ 50ರ ಬದಲು 144 ಗಂಟೆಗಳ ಹೆಚ್ಚುವರಿ ದುಡಿಮೆ ಎಂಬುದು ಅದರ ಸಾರ. ಇವುಗಳಲ್ಲಿ ಯಾವ ಪ್ರಸ್ತಾಪ ಯಾವ ಕಡತದಲ್ಲಿದೆ ಎಂಬುದಕ್ಕಿಂತ, ಮೂರು ವರ್ಷಗಳಲ್ಲಿ ಮೂರು ಬಾರಿ ಒಂದೇ ದಿಕ್ಕಿನ ಯೋಚನೆ ಮೂಡಿತೆಂಬುದು ನಮಗೆ ಹೆಚ್ಚು ಗಮನಾರ್ಹವಾಗಿ ತೋರುತ್ತದೆ.

ಪರ ವಿರೋಧದ ಚರ್ಚೆಗಳೆಲ್ಲ ಬಂಡವಾಳ ಹೂಡಿಕೆ, ಉತ್ಪಾದಕತೆ, ನೌಕರರ ಆರೋಗ್ಯ ಎಂಬ ಪದಗಳ ಸುತ್ತ ಸುತ್ತಿದವು. ಆ ಹೊತ್ತಿನಲ್ಲಿ ಮನೆಯಲ್ಲಿರುವ ಮಗುವಿನ ವಿಚಾರವನ್ನು ಎತ್ತಿದವರು ವಿರಳ. ಆದುದರಿಂದ ಈ ಲೇಖನದಲ್ಲಿ ಆ ಒಂದು ವಿಚಾರಕ್ಕಷ್ಟೇ ನಮ್ಮನ್ನು ಸೀಮಿತಗೊಳಿಸಿಕೊಳ್ಳುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ಮೂರು ತಿಂಗಳೆಂದರೆ 13 ವಾರ. 50 ಗಂಟೆಗಳ ಮಿತಿಯೆಂದರೆ ವಾರಕ್ಕೆ ನಾಲ್ಕು ಗಂಟೆಗೂ ಕಡಿಮೆ. ತಿಂಗಳ ಕೊನೆಯ ಲೆಕ್ಕಪತ್ರಕ್ಕೋ, ಹಬ್ಬದ ಮುಂಚಿನ ವ್ಯಾಪಾರಕ್ಕೋ ಒಂದೆರಡು ಸಂಜೆ ತಡವಾಗಿ ಮನೆ ಸೇರುವುದು. 144 ಗಂಟೆಯೆಂದರೆ ವಾರಕ್ಕೆ 11 ಗಂಟೆ, ಆರು ದಿನಗಳಿಗೆ ಹಂಚಿದರೆ ಪ್ರತಿದಿನವೂ ಸರಿಸುಮಾರು ಎರಡು ಗಂಟೆ. ಅಲ್ಲಿಗೆ ಹೆಚ್ಚುವರಿ ಎಂಬ ಪದವೇ ಅರ್ಥ ಕಳೆದುಕೊಂಡು ನಿತ್ಯದ ವ್ಯವಸ್ಥೆಯಾಗುತ್ತದೆ. ಬೆಳಿಗ್ಗೆ 9ಕ್ಕೆ ಕೆಲಸ ಆರಂಭಿಸಿ 12 ಗಂಟೆ ದುಡಿಯುವವನು ರಾತ್ರಿ 9ಕ್ಕೆ ಹೊರಬೀಳುತ್ತಾನೆ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಒಂದು ಗಂಟೆ ಕಳೆದರೆ ಮನೆ ತಲುಪುವಾಗ 10. ಮೂರು ವರ್ಷದ ಮಗು ಅಷ್ಟರಲ್ಲಿ ನಿದ್ರೆಯಲ್ಲಿರುತ್ತದೆ. ಬೆಳಿಗ್ಗೆ ಅವನು ಹೊರಡುವ ಗಡಿಬಿಡಿಯಲ್ಲಿ ಅದು ಇನ್ನೂ ಕಣ್ಣುಜ್ಜುತ್ತಿರುತ್ತದೆ. 2023ರ ಅಕ್ಟೋಬರ್‌ನಲ್ಲಿ ಶ್ರೀ ಎನ್.ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ ದೇಶವೆಲ್ಲ ವಾದಕ್ಕಿಳಿಯಿತು. 2025ರ ಜನವರಿಯಲ್ಲಿ ಮತ್ತೊಬ್ಬ ಉದ್ಯಮ ಮುಖ್ಯಸ್ಥರು 90 ಗಂಟೆಗಳ ಮಾತನ್ನಾಡಿದರು. ಆರು ದಿನಗಳಿಗೆ ಹಂಚಿದರೆ 90 ಗಂಟೆಯೆಂದರೆ ದಿನಕ್ಕೆ 15 ಗಂಟೆ. ಆ ಲೆಕ್ಕದಲ್ಲಿ ಮಗುವಿಗೆ ಸ್ಥಳವಿಲ್ಲ. ಹೇಳಿದವರ ಮನಸ್ಸಿನಲ್ಲಿ ಮಗುವನ್ನು ನೋಡಿಕೊಳ್ಳುವ ಬೇರೊಬ್ಬರು ಇದ್ದೇ ಇರುತ್ತಾರೆಂಬ ನಂಬಿಕೆಯಿದ್ದಿರಬೇಕು.

ಆ ಬೇರೊಬ್ಬರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. 15ರಿಂದ 59ರ ವಯೋಮಾನದಲ್ಲಿ ಮನೆಯವರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷಗಳನ್ನೂ ಪುರುಷರು 74 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಾರೆ. ತೊಡಗುವವರ ಪ್ರಮಾಣವೇ ಮಹಿಳೆಯರಲ್ಲಿ ಶೇಕಡ 41, ಪುರುಷರಲ್ಲಿ ಶೇಕಡ 21ರ ಆಸುಪಾಸು. ಆದ್ದರಿಂದ ಪುರುಷನ ಹೆಚ್ಚುವರಿ ಗಂಟೆಗೆ ಬೆಲೆ ತೆರುವವಳು ಅವನ ಪತ್ನಿ. ಪತ್ನಿಯ ಹೆಚ್ಚುವರಿ ಗಂಟೆಗೆ ಬೆಲೆ ತೆರುವವಳು ಅವಳ ತಾಯಿ ಅಥವಾ ಅತ್ತೆ. ಬೆಳಗಾವಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಅಜ್ಜಿಯಂದಿರು ಆರು ತಿಂಗಳು ಬೆಂಗಳೂರಿನ ಮಗಳ ಮನೆಯಲ್ಲಿ, ಆರು ತಿಂಗಳು ಪುಣೆಯ ಮಗನ ಮನೆಯಲ್ಲಿ ಕಳೆಯುವುದನ್ನು ನಾವು ಕಾಣುತ್ತಿದ್ದೇವೆ. ಊರಿನಲ್ಲಿ ಅಜ್ಜ ಒಬ್ಬನೇ ರೊಟ್ಟಿಯ ಅಂಗಡಿಯನ್ನು ಅವಲಂಬಿಸಿರುತ್ತಾನೆ. ಶ್ರಾವಣ ಮಾಸದ ಪ್ರವಚನಕ್ಕೆ ಬರುವ ವೃದ್ಧರು ತಮ್ಮ ಪತ್ನಿಯ ಕ್ಷೇಮಸಮಾಚಾರವನ್ನು ಮೊಬೈಲ್‌ನ ವಿಡಿಯೋ ಕರೆಯಿಂದ ತಿಳಿದು ನಮಗೆ ಹೇಳುತ್ತಾರೆ. ಕಂಪನಿಯ ಯಾವ ಖರ್ಚಿನ ಪಟ್ಟಿಯಲ್ಲಿಯೂ ಈ ಅಜ್ಜಿಯ ಹೆಸರಿಲ್ಲ.

ಪ್ರವಾಸದ ಕೆಲಸದ ಸಂಗತಿ ಇನ್ನಷ್ಟು ಜಟಿಲ. ಹುಬ್ಬಳ್ಳಿಯಲ್ಲಿ ನೆಲೆಸಿ ಗದಗ, ಕೊಪ್ಪಳ, ಬಾಗಲಕೋಟೆ ಸುತ್ತುವ ಔಷಧ ಕಂಪನಿಯ ಪ್ರತಿನಿಧಿ, ಬೀಜ ಗೊಬ್ಬರ ಕಂಪನಿಯ ಕ್ಷೇತ್ರಾಧಿಕಾರಿ, ಬ್ಯಾಂಕಿನ ಲೆಕ್ಕ ತಪಾಸಣೆಗೆ ವಾರಗಟ್ಟಲೆ ಪರಸ್ಥಳದಲ್ಲಿರುವ ನೌಕರ, ರಾತ್ರಿ ತಂಗುವ ಪಾಳಿಯ ಸಾರಿಗೆ ನಿರ್ವಾಹಕ ಇವರೆಲ್ಲರೂ ಈ ಗುಂಪಿಗೆ ಸೇರಿದವರು. ಕಾರಿನಲ್ಲೋ ರೈಲಿನಲ್ಲೋ ಕಳೆದ ಗಂಟೆಗಳು ಸಾಮಾನ್ಯವಾಗಿ ಹೆಚ್ಚುವರಿ ದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಭತ್ಯೆಯು ಊಟ ವಸತಿಯ ಖರ್ಚನ್ನು ತುಂಬುತ್ತದೆ. ಆ ರಾತ್ರಿ ಜ್ವರ ಬಂದ ಮಗುವಿನ ಬಳಿ ಕೂರುವವರಿಗೆ ಅದರಲ್ಲಿ ಪಾಲಿಲ್ಲ. ಹೆಣ್ಣುಮಕ್ಕಳಂತೂ ಇಂತಹ ಹುದ್ದೆಗಳನ್ನು ಮಗು ಹುಟ್ಟಿದೊಡನೆ ತಾವಾಗಿಯೇ ತೊರೆಯುತ್ತಾರೆ, ಇಲ್ಲವೇ ಬಡ್ತಿಯನ್ನು ನಿರಾಕರಿಸುತ್ತಾರೆ. ಇದನ್ನು ಅವರ ಸ್ವಂತ ಆಯ್ಕೆಯೆಂದು ಕರೆಯುವ ರೂಢಿಯಿದೆ. ಬೇರೆ ದಾರಿಯೇ ಇಲ್ಲದಲ್ಲಿ ಆಯ್ಕೆ ಎಂಬ ಮಾತು ಸಲ್ಲುವುದೇ ಎಂದು ನಾವು ಕೇಳಬೇಕಾಗಿದೆ.

ಕಾನೂನು ಈ ವಿಷಯದಲ್ಲಿ ಸಂಪೂರ್ಣವಾಗಿ ಮೌನವಾಗಿಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯು 26 ವಾರಗಳ ವೇತನ ಸಹಿತ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನೂ, ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರುವ ತಾಯಿಯ ಹಕ್ಕನ್ನೂ ನೀಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ 50ರ ಸಂಖ್ಯೆ ಮುಂದುವರಿದಿದೆ. ಆದರೆ ಜವಳಿ ಅಂಗಡಿ, ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಲೆಕ್ಕಪರಿಶೋಧಕರ ಕಚೇರಿ ಮೊದಲಾದ ನಮ್ಮ ಜಿಲ್ಲಾ ಕೇಂದ್ರಗಳ ಬಹುಪಾಲು ಉದ್ಯೋಗಗಳು ಈ ಸಂಖ್ಯೆಯ ಕೆಳಗೇ ಉಳಿಯುತ್ತವೆ. ತಂದೆಯ ರಜೆಯ ಬಗ್ಗೆ ಖಾಸಗಿ ವಲಯಕ್ಕೆ ಅನ್ವಯಿಸುವ ಯಾವ ಕಾನೂನೂ ಇಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಸಿಗುತ್ತದೆ. ನಮ್ಮ ರಾಜ್ಯ ಸರ್ಕಾರವು 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು ಕೊಟ್ಟದ್ದು ಸ್ವಾಗತಾರ್ಹ ಹೆಜ್ಜೆ. ಅದರ ಪ್ರಯೋಜನ ಸರ್ಕಾರಿ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತದೆ. ಕುಟುಂಬದ ಹೊಣೆಯುಳ್ಳ ನೌಕರರ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ ಒಡಂಬಡಿಕೆ ಗಂಡು ಹೆಣ್ಣು ಇಬ್ಬರನ್ನೂ ಸಮಾನವಾಗಿ ಕಾಣುತ್ತದೆ. ಭಾರತವು ಅದನ್ನು ಇನ್ನೂ ಅನುಮೋದಿಸಿಲ್ಲ.

ಹೊಸ ಸಂಹಿತೆಯಲ್ಲಿ ಗಮನಾರ್ಹವಾದ ಒಂದು ಮಾತಿದೆ. ಹೆಚ್ಚುವರಿ ಕೆಲಸವನ್ನು ನೌಕರನ ಸಮ್ಮತಿಯಿಂದಲೇ ಪಡೆಯಬೇಕು, ಅದಕ್ಕೆ ಇಮ್ಮಡಿ ವೇತನ ನೀಡಬೇಕು. ಓದಲು ಇದು ಉದಾರವಾಗಿದೆ. ಆದರೆ ಸಮ್ಮತಿಯನ್ನು ಯಾವಾಗ ಕೇಳಲಾಗುತ್ತದೆ ಎಂಬುದರಲ್ಲಿ ಎಲ್ಲವೂ ಅಡಗಿದೆ. ಸಂಜೆ 5 ಗಂಟೆಗೆ ಮೇಲ್ವಿಚಾರಕನು ಬಂದು ಈ ದಿನ 8ರವರೆಗೆ ನಿಲ್ಲಬೇಕೆಂದು ಹೇಳಿದಾಗ ಹೊಲಿಗೆ ಯಂತ್ರದ ಮುಂದೆ ಕುಳಿತ ತಾಯಿ ಏನು ಉತ್ತರಿಸಬಲ್ಲಳು? ಅಂಗನವಾಡಿ 4ಕ್ಕೇ ಮುಚ್ಚಿರುತ್ತದೆ. ಪಕ್ಕದ ಮನೆಯವರು 6ರವರೆಗೆ ಮಾತ್ರ ಒಪ್ಪಿರುತ್ತಾರೆ. ನಿರಾಕರಿಸಿದರೆ ಮುಂದಿನ ತಿಂಗಳ ಪಾಳಿಯ ಪಟ್ಟಿಯಲ್ಲಿ ಅದರ ಫಲ ಕಾಣಿಸಬಹುದೆಂಬ ಅಂಜಿಕೆ. ಇಂತಹ ಸ್ಥಿತಿಯಲ್ಲಿ ದೊರೆಯುವ ತಲೆಯಾಡಿಕೆಯನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ನ್ಯಾಯವಲ್ಲ. ಗಂಟೆಗಳ ಸಂಖ್ಯೆಯಷ್ಟೇ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಅವುಗಳ ಅನಿಶ್ಚಿತತೆ ಮಕ್ಕಳಿರುವ ಮನೆಯನ್ನು ಅಲುಗಿಸುತ್ತದೆ. ಒಂದು ವಾರ ಮುಂಚಿತವಾಗಿ ತಿಳಿದ ಎರಡು ಗಂಟೆಯನ್ನು ಕುಟುಂಬ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಅರ್ಧ ಗಂಟೆ ಮುಂಚೆ ತಿಳಿದ ಒಂದು ಗಂಟೆ ಮಗುವನ್ನು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಿಸುತ್ತದೆ. ಹೆಚ್ಚುವರಿ ದುಡಿಮೆಗೂ ಪ್ರವಾಸಕ್ಕೂ ಲಿಖಿತ ಮುನ್ಸೂಚನೆಯನ್ನು ನಿಯಮಗಳಲ್ಲಿಯೇ ಕಡ್ಡಾಯಗೊಳಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗದು.

ಇಂತಹ ಚರ್ಚೆಗಳಲ್ಲಿ ಶರಣರ ಕಾಯಕ ತತ್ತ್ವವನ್ನು ದೀರ್ಘ ದುಡಿಮೆಯ ಸಮರ್ಥನೆಗೆ ಬಳಸುವುದನ್ನು ನಾವು ಇತ್ತೀಚೆಗೆ ಸಭೆ ಸಮಾರಂಭಗಳಲ್ಲಿ ಕೇಳುತ್ತಿದ್ದೇವೆ. ಇದು ತತ್ತ್ವಕ್ಕೆ ಎಸಗುವ ಅಪಚಾರ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನೆನೆಯೋಣ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದಾಗಿತ್ತು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮೆಚ್ಚಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಹಿಂತಿರುಗಿಸಿ ಬರುವಂತೆ ಪತಿಯನ್ನು ಕಳುಹಿಸಿದಳು. ಹನ್ನೆರಡನೆಯ ಶತಮಾನದ ಈ ಬಡ ಗೃಹಿಣಿ ಕಾಯಕಕ್ಕೆ ಮಿತಿಯೊಂದಿದೆ ಎಂದು ಅರಿತಿದ್ದಳು. ಆ ಮಿತಿಯನ್ನು ನೆನಪಿಸುವ ಅಧಿಕಾರ ಮನೆಯೊಳಗಿನವಳಿಗೆ ಇತ್ತು, ಪತಿ ಅದಕ್ಕೆ ತಲೆಬಾಗಿದನು. ಕಾಯಕವನ್ನು ದಾಸೋಹದಿಂದ ಬೇರ್ಪಡಿಸಿ ಬರಿಯ ಗಂಟೆಗಳ ಎಣಿಕೆಯಾಗಿಸಿದರೆ ಉಳಿಯುವುದು ಕೂಲಿ ಮಾತ್ರ. ಮಗುವಿಗೆ ಉಣಿಸುವುದು, ಮಾತು ಕಲಿಸುವುದು, ಅದರ ಹಠವನ್ನು ಸಹಿಸುವುದು ಯಾವ ಕಾಯಕಕ್ಕೂ ಕಡಿಮೆಯಲ್ಲ. ಅದು ತಾಯಿಯೊಬ್ಬಳ ಪಾಲಿನದೆಂದು ಶರಣರು ಎಲ್ಲಿಯೂ ವಿಧಿಸಿಲ್ಲ.

ಗ್ರಾಮಾಂತರದಲ್ಲಿ ಒಂದು ಒಳ್ಳೆಯ ಮಾದರಿ ನಮ್ಮ ಮುಂದಿದೆ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಊರಿನ ಮಹಿಳೆಯರಿಗೇ ತರಬೇತಿ ನೀಡಿ ಅವರನ್ನೇ ಆರೈಕೆದಾರರನ್ನಾಗಿ ನೇಮಿಸುವ ಕ್ರಮ ಇದರದು. ಪಟ್ಟಣಗಳಿಗೆ, ಅದರಲ್ಲಿಯೂ ಸಿದ್ಧ ಉಡುಪು ಕಾರ್ಖಾನೆಗಳು ಬಂದಿರುವ ರಾಮನಗರ, ಮದ್ದೂರಿನಂತಹ ಊರುಗಳಿಗೆ, ಇದನ್ನು ಪಾಳಿಯ ವೇಳೆಗೆ ಹೊಂದಿಸಿ ವಿಸ್ತರಿಸುವುದು ಅಸಾಧ್ಯವೇನಲ್ಲ. ಹಗಲಿನ ಕೇಂದ್ರದಿಂದ ರಾತ್ರಿ ಪಾಳಿಯ ತಾಯಿಗೆ ಉಪಯೋಗವಿಲ್ಲ ಎಂಬುದನ್ನು ಯೋಜನೆ ರೂಪಿಸುವವರು ಮರೆಯಬಾರದು.

ಮಠಗಳ ಪಾತ್ರವೂ ಇಲ್ಲಿದೆ. ಹಳ್ಳಿಯ ಬಡ ಮಕ್ಕಳಿಗೆ ಅನ್ನ ಅಕ್ಷರ ಆಶ್ರಯ ನೀಡಲು ನಮ್ಮ ನಾಡಿನ ಮಠಗಳು ಪ್ರಸಾದ ನಿಲಯಗಳನ್ನು ಕಟ್ಟಿದವು. ಆ ಕಾಲದ ಕೊರತೆ ಬಡತನವಾಗಿತ್ತು, ಊರಲ್ಲಿ ಶಾಲೆ ಇಲ್ಲದಿರುವುದಾಗಿತ್ತು. ಈಗ ಪ್ರವೇಶ ಕೋರಿ ಬರುವ ಪಾಲಕರಲ್ಲಿ ಸಂಬಳಕ್ಕೆ ಕೊರತೆಯಿಲ್ಲದವರೂ ಇದ್ದಾರೆ. ಇಬ್ಬರಿಗೂ ಪಾಳಿ, ಮನೆಯಲ್ಲಿ ಹಿರಿಯರಿಲ್ಲ, ಆದ್ದರಿಂದ ಒಂದನೆಯ ತರಗತಿಯ ಮಗುವನ್ನೇ ಇಟ್ಟುಕೊಳ್ಳಿರೆಂದು ಅವರು ಕೇಳುತ್ತಾರೆ. ಆರು ವರ್ಷದ ಮಗುವಿಗೆ ಬೇಕಾದುದು ಸಂಜೆಯ ಮೂರು ಗಂಟೆಗಳ ಆಸರೆ. ವರ್ಷವಿಡೀ ಮನೆಯಿಂದ ದೂರವಿರುವುದಲ್ಲ. ಪಟ್ಟಣಗಳಲ್ಲಿರುವ ಮಠದ ಶಾಲೆಗಳ ಕೊಠಡಿಗಳು ಸಂಜೆ 4ರ ನಂತರ ಖಾಲಿಯಿರುತ್ತವೆ. ದಾಸೋಹದ ಒಲೆ ಹೇಗೂ ಉರಿಯುತ್ತಿರುತ್ತದೆ. ನಿವೃತ್ತ ಶಿಕ್ಷಕಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ, ಸೇವೆಗೆ ಕರೆದರೆ ಬರುತ್ತಾರೆ. 4ರಿಂದ ರಾತ್ರಿ 8ರವರೆಗೆ ಮಕ್ಕಳಿಗೆ ಪ್ರಸಾದ, ಪಾಠ, ಆಟ ಇಷ್ಟನ್ನು ಜಾತಿ ಮತ ಕೇಳದೆ ಒದಗಿಸುವ ಕೇಂದ್ರಗಳನ್ನು ಆರಂಭಿಸಲು ದೊಡ್ಡ ಅನುದಾನ ಬೇಕಿಲ್ಲ. ಮಕ್ಕಳನ್ನು ಕರೆದೊಯ್ಯಲು ಬರುವವರ ದಾಖಲೆ, ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ, ಹೆಣ್ಣುಮಕ್ಕಳ ಸುರಕ್ಷತೆ ಇವುಗಳಲ್ಲಿ ಮಾತ್ರ ಕಿಂಚಿತ್ತೂ ಸಡಿಲಿಕೆ ಸಲ್ಲದು. ಆಡಳಿತ ಮಂಡಳಿಗಳು ಮುಂದಿನ ಶೈಕ್ಷಣಿಕ ವರ್ಷದ ಸಿದ್ಧತೆಗೆ ಕೂರುವ ಮೊದಲು ತಮ್ಮ ಶಾಲೆಯ ಪಾಲಕರಲ್ಲಿ ಎಷ್ಟು ಮಂದಿ ಸಂಜೆ 6ರ ನಂತರ ಮನೆ ಸೇರುತ್ತಾರೆಂಬ ಪಟ್ಟಿಯೊಂದನ್ನು ಮಾಡಿಸಲಿ. ಆ ಪಟ್ಟಿ ಕೈಸೇರಿದರೆ ಯಾವ ಊರಿನಲ್ಲಿ ಎಷ್ಟು ಕೊಠಡಿಗಳ ದೀಪ 8ರವರೆಗೆ ಉರಿಯಬೇಕೆಂಬುದು ತಿಳಿಯುತ್ತದೆ.