ಕೋಣ ಸಾಕುವುದೋ, ಕೊಳ್ಳುವುದೋ?

ಕಾರ್ತಿಕ ಮಾಸ ಕಳೆಯಿತೆಂದರೆ ವಿಲೆ ಪಾರ್ಲೆಯ ಹೋಟೆಲುಗಳ ಅಡಿಗೆಮನೆಗಳಲ್ಲಿಯೂ ಕಂಬಳದ ಮಾತು ಮೊದಲಾಗುವುದು. ಶನಿವಾರ ರಾತ್ರಿ ಗಿರಾಕಿಗಳೆಲ್ಲ ತೆರಳಿ, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟ ತರುವಾಯ, ನಮ್ಮ ತರುಣರು ಒಂದೇ ಮೊಬೈಲಿನ ಸುತ್ತ ನೆರೆದು ಊರಿನ ಕರೆಯಲ್ಲಿ ನಡೆಯುತ್ತಿರುವ ಓಟವನ್ನು ನೋಡುತ್ತಿರುವರು. ಬೆಳಿಗ್ಗೆ ಐದಕ್ಕೆ ಇಡ್ಲಿಯ ಪಾತ್ರೆ ಒಲೆಯ ಮೇಲೇರಬೇಕೆಂಬುದು ಆಗ ಯಾರ ನೆನಪಿಗೂ ಬಾರದು.

ಸ್ಟೇಷನ್ನಿನ ಪೂರ್ವ ದಿಕ್ಕಿನ ಒಂದು ಹೋಟೆಲಿನ ಗಲ್ಲೆಯ ಮೇಲೆ ಕುಳಿತುಕೊಳ್ಳುವ ಸ್ನೇಹಿತರೊಬ್ಬರು ಈಚೆಗೆ ನಮ್ಮೊಡನೆ ಒಂದು ಪ್ರಶ್ನೆಯನ್ನು ಕೇಳಿದರು. "ಅಣ್ಣ, ಊರಿನಲ್ಲಿ ಒಂದು ಜೋಡಿ ಕಟ್ಟಬೇಕೆಂದಿದ್ದೇನೆ. ಕರು ತಂದು ಸಾಕಲೋ, ಓಡಿ ಗೆದ್ದ ಕೋಣವನ್ನೇ ಕೊಳ್ಳಲೋ?" ಇಪ್ಪತ್ತು ವರ್ಷಗಳ ಉಳಿತಾಯ ಅವರಲ್ಲಿರುವುದು. ಅದರ ಮೇಲೆ ಮನೆಯ ಮಾಡಿನ ದುರಸ್ತಿಯ ಹಕ್ಕೂ, ಮಗಳ ಕಾಲೇಜಿನ ಹಕ್ಕೂ ಇರುವುವು. ಇಂತಹ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವಂತಿಲ್ಲ. ನಮ್ಮ ವಾಚಕರಲ್ಲಿ ಇದೇ ಹಂಬಲವನ್ನು ಮನಸ್ಸಿನಲ್ಲಿಟ್ಟುಕೊಂಡವರು ಇನ್ನೂ ಅನೇಕರಿರಬಹುದು.

ಮೊದಲಿಗೆ ಕಾನೂನಿನ ಮಾತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ವಿಷಯದಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಮಧ್ಯಂತರ ಆಜ್ಞೆಯಿಂದ ಕರೆಗಳು ಬರಿದಾದುವು. 2017ರಲ್ಲಿ ರಾಜ್ಯದ ಶಾಸನಸಭೆ ತಿದ್ದುಪಡಿಯನ್ನು ಮಾಡಿತು. ನಡುವೆ ಸುಗ್ರೀವಾಜ್ಞೆಯೂ ಬಂದಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಟ್ಟಕಡೆಗೆ 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ನೂರಕ್ಕೂ ಮಿಕ್ಕಿ ಜೋಡಿಗಳು ಘಟ್ಟ ಹತ್ತಿ ಹೋದುವು. ಆದುದರಿಂದ ಇಂದು ಕೋಣ ಕಟ್ಟುವವನಿಗೆ ಹತ್ತು ವರ್ಷದ ಹಿಂದಿನ ಅಂಜಿಕೆ ಇರಬೇಕಾಗಿಲ್ಲ. ಆದರೆ ಪ್ರಾಣಿಗೆ ಅನಾವಶ್ಯಕ ಹಿಂಸೆಯಾಗಕೂಡದೆಂಬ ನಿಬಂಧನೆಯಿಂದಲೇ ಈ ಅನುಮತಿ ನಿಂತಿರುವುದು. ಬೆತ್ತದ ಬಲದಿಂದ ಓಡಿಸಿ ಗೆಲ್ಲುವೆನೆಂಬವನು ತನ್ನ ಕೋಣವನ್ನು ಮಾತ್ರವಲ್ಲ, ಇಡಿಯ ಕಂಬಳವನ್ನೇ ಮತ್ತೆ ಕೋರ್ಟಿನ ಬಾಗಿಲಿಗೆ ಎಳೆಯುವನು.

ಇನ್ನು ಕೋಣದ ಮಾತು. ಒಂದು ಕಾಲದಲ್ಲಿ ಗದ್ದೆ ಉತ್ತ ಕೋಣವೇ ಕಂಬಳದ ಗದ್ದೆಗೂ ಇಳಿಯುತ್ತಿತ್ತು. ಗುತ್ತಿನ ಮನೆಯ ದೊಡ್ಡ ಗದ್ದೆ, ಅದರ ಒಕ್ಕಲುಗಳು, ಅವರವರ ಹಟ್ಟಿಯ ಕೋಣಗಳು: ಖರ್ಚೆಂಬುದು ಬೇಸಾಯದ ಖರ್ಚಿನಲ್ಲಿಯೇ ಅಡಗಿಹೋಗುತ್ತಿತ್ತು. 1974ರ ಭೂಸುಧಾರಣೆಯ ತರುವಾಯ ಗುತ್ತಿನ ಗದ್ದೆಗಳು ಹಂಚಿಹೋದುವು. ಬಳಿಕ ಟಿಲ್ಲರ್ ಬಂದಿತು, ಟ್ರ್ಯಾಕ್ಟರ್ ಬಂದಿತು. ಹಟ್ಟಿಯಲ್ಲಿ ಕೋಣಕ್ಕೆ ಕೆಲಸವೇ ಉಳಿಯಲಿಲ್ಲ. ಜೋಡುಕರೆಯ ಕಂಬಳಗಳು ಸಮಿತಿಗಳ ಕೈಗೆ ಬಂದುವು. ಇಂದಿನ ಕಂಬಳದ ಕೋಣ ಓಟಕ್ಕೆಂದೇ ಹುಟ್ಟಿ, ಓಟಕ್ಕೆಂದೇ ತಿನ್ನುವ ಪ್ರಾಣಿ. ಅಮೆರಿಕದ ರೈತರಲ್ಲಿಯೂ ಇಂತಹದೇ ಒಂದು ಕಥೆ ನಡೆದಿದೆ. ಅಲ್ಲಿ ಟ್ರ್ಯಾಕ್ಟರುಗಳಿಗೆ ಭಾರದ ಜಾರುಬಂಡಿಯನ್ನು ಕಟ್ಟಿ ಎಳೆಸುವ ಸ್ಪರ್ಧೆಗಳಿರುವುವು. ಆದಿತ್ಯವಾರ ಸ್ಪರ್ಧೆಯಲ್ಲಿ ಎಳೆದ ಟ್ರ್ಯಾಕ್ಟರೇ ಸೋಮವಾರ ಹೊಲ ಉಳುತ್ತಿದ್ದ ಕಾಲ ಅಲ್ಲಿಯೂ ಇತ್ತು. ಮುಂದೆ ಉಳುಮೆಯನ್ನೇ ಅರಿಯದ, ಹಲವು ಎಂಜಿನುಗಳನ್ನು ಹೊತ್ತ ಯಂತ್ರಗಳು ಬಂದುವು. ಆಟ ದೊಡ್ಡದಾಯಿತು, ಸಣ್ಣ ರೈತ ಬೇಲಿಯ ಆಚೆ ನಿಂತು ನೋಡುವವನಾದನು. ನಮ್ಮಲ್ಲಿಯೂ ಹಾಗಾಗುವುದೇ ಎಂಬುದೇ ನಿಜವಾದ ಪ್ರಶ್ನೆ.

ಗೆದ್ದ ಕೋಣಗಳ ಬೆಲೆ ಲಕ್ಷಗಟ್ಟಲೆ ಹೋಗುತ್ತಿರುವುದನ್ನು ಎಲ್ಲರೂ ಬಲ್ಲರು. ಹಣವಿದ್ದವನು ಕೊಂಡು ಅದೇ ಋತುವಿನಲ್ಲಿ ಕರೆಗೆ ಇಳಿಸಬಹುದು. ಆದರೆ ಕೊಳ್ಳುವವನು ಕೋಣವನ್ನು ಮಾತ್ರ ಕೊಳ್ಳುವನು. ಅದರ ನೊಗದ ಜೊತೆಗಾರನನ್ನೂ, ಅದರ ಸ್ವಭಾವವನ್ನು ಬಲ್ಲ ಪರಿಚಾರಕನನ್ನೂ, ಅದರ ಹಿಂದೆ ಓಡಿ ಬಲ್ಲ ಓಟಗಾರನನ್ನೂ ಕೊಂಡಂತಾಗುವುದಿಲ್ಲ. ಎಡಕ್ಕೆ ಕಟ್ಟಿ ಪಳಗಿದ ಕೋಣ ಬಲಕ್ಕೆ ಒಗ್ಗದೆ ಹೋಗಬಹುದು. ಎರಡರ ವೇಗ ಸರಿಹೊಂದದಿದ್ದರೆ ನೊಗ ಓರೆಯಾಗಿ, ವೇಗದ ಕೋಣವೂ ಕೆಡುವುದು. ಪ್ರಾಯ ಇಳಿಮುಖವಾದ ಕೋಣವನ್ನು ಹಳೆಯ ಪದಕಗಳ ಹೊಳಪಿನಲ್ಲಿ ಮಾರುವವರೂ ಇಲ್ಲದಿಲ್ಲ. ಹಲ್ಲು ನೋಡಬಲ್ಲ ಹಿರಿಯರೊಬ್ಬರು ಜೊತೆಯಲ್ಲಿಲ್ಲದೆ ವ್ಯಾಪಾರಕ್ಕೆ ಹೋಗಬಾರದು.

ಕರುವನ್ನು ತಂದು ಸಾಕುವ ದಾರಿ ನಿಧಾನದ್ದು. ಹಿಂದೆ ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದ ಜಾನುವಾರು ಜಾತ್ರೆಯಲ್ಲಿ ಗುಣ ನೋಡಿ ಆರಿಸುತ್ತಿದ್ದರು. ಕಾಲಿನ ನೀಳ, ಎದೆಯ ಅಗಲ, ಗೊರಸಿನ ಬಿಗಿ, ಕಣ್ಣಿನ ಚುರುಕು ಇವೆಲ್ಲವನ್ನೂ ನೋಡಿದರೂ, ಅದು ಓಡುವುದೋ ಇಲ್ಲವೋ ಎಂಬುದು ಕೆಲವು ವರ್ಷಗಳ ತರುವಾಯವೇ ತಿಳಿಯುವುದು. ಅಷ್ಟರವರೆಗೆ ಬೇಯಿಸಿದ ಹುರುಳಿ, ಹುಲ್ಲು, ಎಣ್ಣೆಯ ಮಾಲೀಸು, ಕೆರೆಯಲ್ಲಿ ಈಜು, ಸೆಕೆಗಾಲದಲ್ಲಿ ಹಟ್ಟಿಗೆ ಫ್ಯಾನು, ಋತುವಿಗೆ ಮುಂಚೆ ಕುದಿ ಓಟ. ಕಂಬಳ ನವೆಂಬರಿನಿಂದ ಬೇಸಗೆಯ ಆರಂಭದವರೆಗೆ ನಡೆದರೂ ಕೋಣದ ಹೊಟ್ಟೆಗೆ ರಜೆಯೆಂಬುದಿಲ್ಲ. ಗೆದ್ದರೆ ಬರುವುದು ಸಾಮಾನ್ಯವಾಗಿ ಒಂದೆರಡು ಪವನು ಚಿನ್ನ. ಲೆಕ್ಕ ಬರೆಯುವ ಗುಮಾಸ್ತನಾದ ಯಾರಿಗೂ ಈ ಜಮಾ ಖರ್ಚು ತಾಳೆಯಾಗದೆಂಬುದು ಮೊದಲ ಪುಟದಲ್ಲಿಯೇ ತಿಳಿಯುವುದು. ತಾಳೆಯಾಗಬೇಕೆಂದು ಯಾರೂ ಕೋಣ ಕಟ್ಟುವುದೂ ಇಲ್ಲವೆನ್ನಿ.

ಹೊಸಬನು ಯಾವ ವಿಭಾಗಕ್ಕೆ ಇಳಿಯಬೇಕೆಂಬುದೂ ವಿಚಾರಾರ್ಹ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವಿದೆ; ಎಳೆಯ ಜೋಡಿಗೆ ನೇಗಿಲು ಕಿರಿಯವೇ ವಾಡಿಕೆಯ ಹೊಸ್ತಿಲು. ಅಡ್ಡ ಹಲಗೆಯಲ್ಲಿ ಓಟಗಾರನು ಹಲಗೆಯ ಮೇಲೆ ನಿಂತು ಸಾಗುವನು. ಕನೆಹಲಗೆಯದೇ ಬೇರೆ ಬೆಡಗು; ಅಲ್ಲಿ ವೇಗಕ್ಕಿಂತ ಮೇಲಕ್ಕೆ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲಿನ ನಿಶಾನೆಯನ್ನು ಮುಟ್ಟಿತೇ ಎಂಬುದೇ ಮುಖ್ಯ.

ಮತ್ತೊಂದು ಮಾತು ಓಟಗಾರನನ್ನು ಕುರಿತು. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರೆಂದು ವಾರ್ತೆಯಾದಾಗ, ಅವರನ್ನು ಒಲಿಂಪಿಕ್ ಓಟಗಾರರೊಡನೆ ಹೋಲಿಸಿ ದೇಶವೇ ಗದ್ದಲವೆಬ್ಬಿಸಿತು. ಗಂಟೆಗೆ 37 ಕಿಲೋಮೀಟರಿಗೂ ಮೇಲ್ಪಟ್ಟ ಆ ವೇಗದಲ್ಲಿ ಕೋಣಗಳ ಸೆಳೆತದ ಪಾಲೆಷ್ಟೆಂಬುದನ್ನು ದಿಲ್ಲಿಯವರು ಮರೆತರು. ಗೌಡರು ಮರೆಯಲಿಲ್ಲ, ಶ್ರೇಯಸ್ಸನ್ನು ಕೋಣಗಳಿಗೂ ಯಜಮಾನರಿಗೂ ಒಪ್ಪಿಸಿ, ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಹೋಗದೆ ಉಳಿದರು. ಕಟ್ಟಡದ ಕೂಲಿ ಮಾಡುತ್ತಿದ್ದವರು ಅವರು. ಜೋಡಿ ಯಜಮಾನನ ಮನೆಯ ಹೆಸರಿನಲ್ಲಿ ಓಡಿದರೂ, ಕೆಸರಿನಲ್ಲಿ ಬೀಳುವ ದೇಹ ಓಟಗಾರನದು. ಗಂತಿನಲ್ಲಿ ಕೋಣ ಹಿಡಿದು ಬಿಡಿಸುವವರು, ಮಂಜೊಟ್ಟಿಯಲ್ಲಿ ತಡೆಯುವವರು, ಹಟ್ಟಿಯಲ್ಲಿ ಮಲಗುವವರು, ಇವರ ಸಂಬಳವನ್ನೂ ಅಪಘಾತದ ವಿಮೆಯನ್ನೂ ಲೆಕ್ಕಕ್ಕೆ ಹಿಡಿಯದವನು ಯಜಮಾನನಾಗಲು ಅರ್ಹನಲ್ಲವೆಂಬುದೇ ನಮ್ಮ ಅಭಿಪ್ರಾಯ. ಹೋಟೆಲಿನ ಮಾಡಿನಡಿಯಲ್ಲಿ ತಾನೇ ಹಾಸಿಗೆ ಬಿಡಿಸಿ ಮಲಗಿದವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂಬಯಿಯಲ್ಲಿದ್ದು ಕೋಣ ಕಟ್ಟುವವನ ಕಷ್ಟವೇ ಇದು: ಹಟ್ಟಿ ಅಲ್ಲಿ, ದುಡಿಮೆ ಇಲ್ಲಿ. ದೊಡ್ಡ ಯಜಮಾನರಿಗೆ ಪಾರ್ಲೆಯ ಬದಿಯಲ್ಲಿಯೇ ವಿಮಾನ ನಿಲ್ದಾಣವಿದೆ. ಬೆಳಿಗ್ಗೆ ಹಾರಿ ಮಧ್ಯಾಹ್ನದೊಳಗೆ ಕರೆಯ ಬದಿಗೆ ತಲಪುವರು. ಗಲ್ಲೆಯವನಿಗಾದರೋ ಕುರ್ಲಾದಿಂದ ಮತ್ಸ್ಯಗಂಧವೇ ಗತಿ. ಹೋಗಿ ಬರಲು ರಜೆ ಬೇಕು, ರಜೆಗೆ ಧಣಿಯ ಒಪ್ಪಿಗೆ ಬೇಕು.

ಆದುದರಿಂದ ನಾವು ಸ್ನೇಹಿತರಿಗೆ ಹೇಳಿದುದಿಷ್ಟು. ಗೆದ್ದ ಜೋಡಿಯ ಆಸೆ ಬೇಡ. ಒಬ್ಬರೇ ಹೊರುವುದೂ ಬೇಡ. ಒಂದೇ ಊರಿನ ಮೂರು ನಾಲ್ಕು ಮಂದಿ ಸೇರಿ, ಪಾಲನ್ನು ಕಾಗದದ ಮೇಲೆ ಬರೆದುಕೊಂಡು, ಪಳಗಿದ ಒಂದು ಕೋಣವನ್ನೂ ಎಳೆಯದೊಂದನ್ನೂ ಕಟ್ಟಿರಿ. ಎಳೆಯದು ಹಳೆಯದರ ಜೊತೆಯಲ್ಲಿ ಕಲಿಯುವುದು. ಮಾಡಿನ ದುರಸ್ತಿಯ ಹಣವನ್ನು ಮಾತ್ರ ಮುಟ್ಟಕೂಡದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಜೋಡಿ ಯಾರ ಮನೆಯ ಹೆಸರಿನಲ್ಲಿ ಓಡುವುದು?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಳೆದ ವಾರ ತಿಳಿದುಬಂದಂತೆ, ಅವರೂ ಅದೇ ಹೋಟೆಲಿನ ಇಬ್ಬರು ಅಡಿಗೆಯವರೂ ಸೇರಿರುವರು. ಮಳೆ ನಿಂತೊಡನೆ ಕೋಣ ನೋಡಲು ಊರಿಗೆ ಹೊರಡುವರಂತೆ. ಹೆಸರಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.