ಗುಮ್ಮಟ ಸಾಕು, ಜಗಲಿ ಕೊಡಿ: ಲೋಕೋಪಯೋಗಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕೋಪಯೋಗಿ ಸಚಿವರಿಗೆ,



ರಾಜ್ಯದ ಹತ್ತಾರು ತಾಲ್ಲೂಕು ಕೇಂದ್ರಗಳಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ಒಂದು ಕಟ್ಟಡ ತಾನಾಗಿಯೇ ಗುರುತು ಸಿಗುತ್ತದೆ. ಕಾಂಕ್ರೀಟಿನ ಪೆಟ್ಟಿಗೆ, ಮೇಲೊಂದು ಪುಟ್ಟ ಗುಮ್ಮಟ. ಬೋರ್ಡಿನಲ್ಲಿ ಯಾವ ಹೆಸರೇ ಇರಲಿ, ಜನರ ಬಾಯಲ್ಲಿ ಅದು ಇಂದಿಗೂ ಮಿನಿ ವಿಧಾನಸೌಧ. ಪಹಣಿ, ಜಾತಿ ಪ್ರಮಾಣಪತ್ರ, ವೃದ್ಧಾಪ್ಯ ವೇತನ ಎಂದು ಬೆಳಿಗ್ಗೆಯೇ ಬಂದವರು ಕಾಂಪೌಂಡಿನ ನೆರಳಿಗೆ ಅಂಟಿಕೊಂಡು ಕೂತಿರುತ್ತಾರೆ. ಸೂರ್ಯ ಏರಿದಂತೆ ಆ ನೆರಳು ಗೋಡೆಯ ಬುಡಕ್ಕೆ ಸರಿಯುತ್ತದೆ, ಅದರ ಜೊತೆ ಇವರೂ ಸರಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಜ್ಜಂದಿರ ತಲೆಯ ಮೇಲೆ ಟವೆಲ್, ಅಜ್ಜಿಯರ ತಲೆಯ ಮೇಲೆ ಸೆರಗು. ಗುಮ್ಮಟದ ನೆರಳು ಬೀಳುವುದು ತಾರಸಿಯ ಮೇಲೆ. ಅಲ್ಲಿ ನೀರಿನ ಟ್ಯಾಂಕ್ ಇರುತ್ತದೆ.

ಇದೇ ಊರುಗಳಲ್ಲಿ ಹಿಂದೆ ಇದ್ದ ತಾಲ್ಲೂಕು ಕಚೇರಿಗಳನ್ನು ಹಿರಿಯರು ಮರೆತಿಲ್ಲ. ಮಂಗಳೂರು ಹೆಂಚಿನ ಇಳಿಜಾರು ಮಾಡು, ಮೊಳದಗಲದ ಗೋಡೆ, ಮುಂದೆ ಉದ್ದಕ್ಕೆ ಕಂಬಗಳ ಜಗಲಿ. ಅರ್ಜಿ ಬರೆದುಕೊಡುವವರು ಕೂರುತ್ತಿದ್ದದ್ದು ಅಲ್ಲೇ, ಊಟದ ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲೇ. ಸಾಹೇಬರ ಕೋಣೆಗೆ ಹೋಗಲು ಹೆದರುವವನೂ ಜಗಲಿ ಹತ್ತಲು ಹೆದರುತ್ತಿರಲಿಲ್ಲ. ಹಳೆಯ ಕಟ್ಟಡಗಳ ಚೆಲುವಿನ ಮಾತು ಬಂದಾಗಲೆಲ್ಲ ಕಮಾನು, ಕೆತ್ತನೆ, ಗೋಪುರಗಳ ವರ್ಣನೆಯೇ ನಡೆಯುತ್ತದೆ. ಜನ ಆ ಕಟ್ಟಡಗಳನ್ನು ಇಷ್ಟಪಟ್ಟಿದ್ದಕ್ಕೆ ಜಗಲಿಯೇ ಹೆಚ್ಚು ಕಾರಣ ಎಂಬುದು ಈ ಪತ್ರದ ನಂಬಿಕೆ.

ಮೂಲ ವಿಧಾನಸೌಧವನ್ನೇ ನೋಡಬಹುದು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿಯಾಗಿ ಬಂದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿ, ವಾಸ್ತುಶಿಲ್ಪಿ ಬಿ.ಆರ್. ಮಾಣಿಕಂ ಅವರ ಕೈಯಲ್ಲಿ ದ್ರಾವಿಡ ಶೈಲಿಯ ಕಲ್ಲಿನ ಸೌಧ ಎಬ್ಬಿಸಿದರು. 1956ರಲ್ಲಿ ಮುಗಿದಾಗ ಆದ ಖರ್ಚು ಸುಮಾರು 1.84 ಕೋಟಿ ರೂಪಾಯಿ. ದುಂದುವೆಚ್ಚ ಎಂದು ಅಂದು ದೊಡ್ಡ ಗದ್ದಲವೇ ಎದ್ದಿತ್ತು. ಬೆಂಗಳೂರು ಸುತ್ತಲಿನ ಗ್ರಾನೈಟು, ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಕಲ್ಲು, ಸಾವಿರಾರು ಕಲ್ಲುಕುಟಿಗರ ಉಳಿಪೆಟ್ಟು ಸೇರಿ ಆದ ಕಟ್ಟಡ ಅದು. ತಾಲ್ಲೂಕಿಗೆ ಇಳಿಯುವಾಗ ಕಲ್ಲು ಬರಲಿಲ್ಲ, ಕಂಬಸಾಲಿನ ಆಳವಾದ ನೆರಳೂ ಬರಲಿಲ್ಲ. ಗುಮ್ಮಟವೊಂದೇ ಬಂತು, ಅದೂ ಸಿಮೆಂಟಿನದು.

ಎದುರಿಗಿರುವ ಅಠಾರ ಕಚೇರಿ, ಅಂದರೆ ಇಂದಿನ ಹೈಕೋರ್ಟು, 1868ರದು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಎದ್ದಾಗ ನಾಗರಿಕರು ಕೋರ್ಟಿಗೆ ಹೋದರು. ಕಟ್ಟಡ ಉಳಿಯಿತು. ಇಂದು ಆ ಕೆಂಪು ಗೋಡೆಗಳಿಲ್ಲದ ಕಬ್ಬನ್ ಪಾರ್ಕನ್ನು ಊಹಿಸಲೂ ಆಗದು.

ಹಾಗೆಂದು ಹೊಸದೆಲ್ಲ ಕೆಟ್ಟದ್ದಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ವಾಸ್ತುಶಿಲ್ಪಿ ಬಿ.ವಿ. ದೋಶಿ 1970ರ ದಶಕದ ಕೊನೆಯಲ್ಲಿ ರೂಪಿಸಿದರು. ಅದು ಅಪ್ಪಟ ಆಧುನಿಕ ಕಟ್ಟಡ. ಅಲ್ಲಿ ಗುಮ್ಮಟವಿಲ್ಲ, ಕಮಾನಿನ ಅಲಂಕಾರವಿಲ್ಲ. ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡ ದೋಶಿ ಅಲ್ಲಿಂದ ತಂದದ್ದು ಅಂಗಳ, ಓಣಿ, ನೆರಳು-ಬೆಳಕಿನ ಆಟ. ಒರಟು ಗ್ರಾನೈಟ್ ಗೋಡೆಗಳ ನಡುವಿನ ಓಣಿಯಲ್ಲಿ ಮೇಲಿನ ಕಾಂಕ್ರೀಟ್ ತೊಲೆಗಳ ನೆರಳು ಪಟ್ಟೆಪಟ್ಟೆಯಾಗಿ ನೆಲಕ್ಕೆ ಬೀಳುತ್ತದೆ, ಬಳ್ಳಿ ಹಬ್ಬಿದ ಕಡೆ ಪಟ್ಟೆ ಚುಕ್ಕೆಯಾಗುತ್ತದೆ. ಅವರಿಗೂ ಮುಂಚೆ, ಹಿಟ್ಲರನ ಜರ್ಮನಿ ಬಿಟ್ಟು ಬಂದ ಓಟ್ಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ, ಇಲ್ಲಿನ ಬಿಸಿಲು-ಮಳೆ-ಗಾಳಿಯನ್ನು ಓದಿಯೇ ಹೊಸ ಕಾಲದ ಕಟ್ಟಡಗಳನ್ನು ಕಟ್ಟಿದರು. ನಮ್ಮ ಹವೆಗೆ ಬೆನ್ನು ಹಾಕಿ ನಿಂತಿರುವುದು ಮೈತುಂಬ ಗಾಜು ಹೊದ್ದ ಕಟ್ಟಡ. ಬೆಳಕಿನ ಜೊತೆ ಕಾವನ್ನೂ ಒಳಗೆ ಬಿಟ್ಟುಕೊಂಡು, ಅದನ್ನು ಹೊರಗಟ್ಟಲು ಇಡೀ ದಿನ ಎ.ಸಿ. ಓಡಿಸಬೇಕು. ಕರೆಂಟು ಹೋದರೆ ಕಿಟಕಿ ತೆರೆಯೋಣವೆಂದರೆ ತೆರೆಯುವ ಕಿಟಕಿಯೇ ಇರುವುದಿಲ್ಲ.

ಇನ್ನು ಮೈಸೂರಿನ ನೋವು. ಹಳೆ ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷದ ನಂತರ, ಅದೇ ಆಗಸ್ಟ್ ತಿಂಗಳಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಕೆಡವಬೇಕೇ, ದುರಸ್ತಿ ಮಾಡಬೇಕೇ ಎಂಬ ಜಗಳ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಜೀವ ಹೋದ ಮೇಲೆ ಚೆಲುವಿನ ಮಾತಾಡುವುದು ಸುಲಭವಲ್ಲ, ಆಡಬಾರದು ಕೂಡ. ಆದರೆ ಇಂಥ ಕಟ್ಟಡ ಹೇಗೆ ಸಾಯುತ್ತದೆ ಎಂಬುದು ತಮಗೆ ತಿಳಿದಿರಬೇಕು.

ಇಂಥ ಹಳೆಯ ಕಟ್ಟಡಗಳಲ್ಲಿ ಅನೇಕವುಗಳದ್ದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆ ಸಾಲಿನಲ್ಲಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ದಪ್ಪ ಹಾಸು. ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುತ್ತಾ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಹೀಗೆ ಗಟ್ಟಿಯಾದ ತಾರಸಿ ನೂರು ವರ್ಷ ಬಾಳುತ್ತದೆ, ಮೇಲೆ ನೀರು ನಿಲ್ಲದಿದ್ದರೆ. ಮಳೆನೀರು ಹೋಗುವ ದಾರಿ ಕಟ್ಟಿಕೊಂಡರೆ, ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಅರಳಿ ಬೀಜ ಮೋಟುಗೋಡೆಯಲ್ಲಿ ಬೇರು ಬಿಟ್ಟರೆ, ನೀರು ಗೋಡೆಗಿಳಿದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಕೊಳೆಸುತ್ತದೆ. ಕೆಳಗೆ ನಿಂತು ನೋಡಿದವರಿಗೆ ತೊಲೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಬಿರುಕು ಕಂಡಾಗ ಮೇಲೆ ಸಿಮೆಂಟ್ ಮೆತ್ತಿದರೆ ಕತೆ ಮುಗಿಯಿತು. ಸುಣ್ಣದ ಗೋಡೆ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಮಳೆಗಾಲದ ಮುಂಚೆ ಒಬ್ಬ ಆಳು ತಾರಸಿ ಹತ್ತಿ ತೂಬು ಬಿಡಿಸಿ, ಅರಳಿ ಸಸಿಯನ್ನು ಬೇರುಸಹಿತ ಕಿತ್ತರೆ ತಪ್ಪಬಹುದಾದ ಸಾವು ಇದು. ‘ಹಳತಾಗಿತ್ತು, ಬಿತ್ತು’ ಎಂದು ಕಡತ ಮುಚ್ಚುವವರು ಕಟ್ಟಡದ ವಯಸ್ಸನ್ನು ಎಣಿಸುತ್ತಾರೆ. ಅದರ ತಾರಸಿಗೆ ಯಾರೂ ಹತ್ತದ ವರ್ಷಗಳನ್ನು ಎಣಿಸುವುದಿಲ್ಲ.

ಸಚಿವರೇ, ತಮ್ಮ ಇಲಾಖೆಯಿಂದ ಆಗಬೇಕಾದ್ದು ಪರ್ವತದಂಥ ಕೆಲಸವಲ್ಲ. ಹಳೆಯ ಸರ್ಕಾರಿ ಕಟ್ಟಡವನ್ನು ಶಿಥಿಲ ಎಂದು ಬರೆಯುವ ಮುನ್ನ ಸುಣ್ಣದ ಕೆಲಸ ಬಲ್ಲ ಎಂಜಿನಿಯರ್ ಒಬ್ಬರು ಅದನ್ನು ನೋಡಲಿ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳಿಗೆ ಬದುಕುವಷ್ಟು ಕೂಲಿ ಇಲಾಖೆಯ ದರಪಟ್ಟಿಯಲ್ಲಿ ಸಿಗಲಿ; ಕಡಿಮೆ ಕೂಗಿದವನಿಗೇ ಟೆಂಡರ್ ಎಂದಾದರೆ ಆ ಕೈಗಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತವೆ. ಪ್ರತಿ ವರ್ಷ ಮೇ ತಿಂಗಳು ಮುಗಿಯುವುದರೊಳಗೆ ಪ್ರತಿಯೊಂದು ಹಳೆ ತಾರಸಿಯನ್ನೂ ಒಬ್ಬರು ಹತ್ತಿ ನೋಡಿ ಸಹಿ ಹಾಕಲಿ.

ಮತ್ತೆ, ಮುಂದಿನ ತಾಲ್ಲೂಕು ಕಚೇರಿಯ ನಕ್ಷೆ ತಮ್ಮ ಮೇಜಿಗೆ ಬಂದಾಗ ಮೇಲಿನ ಗುಮ್ಮಟವನ್ನು ಹೊಡೆದುಹಾಕಿ, ಆ ದುಡ್ಡಿನಲ್ಲಿ ಬಾಗಿಲ ಮುಂದೆ ಹತ್ತಡಿ ಅಗಲದ ಜಗಲಿ, ಒರಗಿ ಕೂರಲು ಕಲ್ಲುಕಟ್ಟೆ, ಕುಡಿಯಲು ಒಂದು ನಲ್ಲಿ ಬರೆಸಿ ಸಹಿ ಮಾಡಬೇಕೆಂದು ವಿನಂತಿ.

ಇಂತಿ,
ಸರದಿಯಲ್ಲಿ ನಿಂತವರ ಪರವಾಗಿ