ಉಡುಗೊರೆ ಬೇರೆ, ಹಕ್ಕು ಬೇರೆ

ದೀಪಾವಳಿ ಹತ್ತಿರ ಬಂತೆಂದರೆ ದೊಡ್ಡ ಕಂಪನಿಗಳ ಉಡುಗೊರೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. 2016ರಲ್ಲಿ ಸೂರತ್ತಿನ ವಜ್ರದ ವ್ಯಾಪಾರಿ ಸಾವ್ಜಿ ಢೋಲಕಿಯಾ ಅವರು ತಮ್ಮ ಕೆಲಸಗಾರರಿಗೆ 1,260 ಕಾರುಗಳನ್ನೂ 400 ಮನೆಗಳನ್ನೂ ಕೊಡುವುದಾಗಿ ಸಾರಿದರು. ಇಂಥ ಸುದ್ದಿ ಕೇಳಿ ನಮ್ಮ ಲೈನ್ ಮನೆಗಳಲ್ಲಿ ಜನ ನಗುತ್ತಾರೆ. "ಕಾರು ಬೇಡಪ್ಪ, ಸೋರುವ ಸೂರು ಸರಿಮಾಡಿಕೊಟ್ಟರೆ ಸಾಕು" ಎನ್ನುತ್ತಾರೆ. ಆ ನಗೆಯ ಮಾತನ್ನು ನಾವು ಸ್ವಲ್ಪ ಯೋಚಿಸಿ ನೋಡಬೇಕು.

ಉಡುಗೊರೆಯನ್ನು ನಾವು ಹೀಗಳೆಯುವುದಿಲ್ಲ. ಮಳೆ ಚಳಿಯೆನ್ನದೆ ದುಡಿದವಳಿಗೆ "ನಿನ್ನ ಕೆಲಸ ಚೆನ್ನಾಗಿದೆಯಮ್ಮ" ಎಂದು ಹೇಳಿ ಒಂದು ಸೀರೆ ಕೊಟ್ಟರೆ ಅವಳ ಮನಸ್ಸು ಅರಳುತ್ತದೆ. ಮನುಷ್ಯ ಕೂಲಿಗಾಗಿ ಮಾತ್ರ ದುಡಿಯುವುದಿಲ್ಲ, ಮರ್ಯಾದೆಗಾಗಿಯೂ ದುಡಿಯುತ್ತಾನೆ. ಆದರೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ಕೊಟ್ಟ ಉಡುಗೊರೆ ಮನಸ್ಸನ್ನು ಅರಳಿಸುವುದಿಲ್ಲ, ನೋಯಿಸುತ್ತದೆ.

ನಮ್ಮ ಹಿರಿಯರು ಕಂಬಳಿಯನ್ನು ದೊರೆಯ ದಾನವೆಂದು ಕೈಮುಗಿದು ತೆಗೆದುಕೊಂಡರು. ಅದು ದಾನವಾಗಿರಲಿಲ್ಲ. ತೋಟದ ಮಾಲೀಕರು ಛತ್ರಿ, ಕಂಬಳಿ, ಮಳೆ ಕೋಟು ಒದಗಿಸಬೇಕೆಂದು ನಿಯಮ ಮಾಡಲು 1951ರ ತೋಟ ಕಾರ್ಮಿಕರ ಕಾಯ್ದೆಯ 17ನೇ ಕಲಮು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿತ್ತು. ಬೋನಸ್ಸೂ ಹಾಗೆಯೇ. ಕನಿಷ್ಠ 8.33, ಗರಿಷ್ಠ 20 ಶೇಕಡಾ ಎಂದು 1965ರ ಕಾಯ್ದೆ ಗೊತ್ತುಮಾಡಿತು. 2019ರ ವೇತನ ಸಂಹಿತೆಯಲ್ಲೂ ಅದೇ ಪ್ರಮಾಣ ಉಳಿದಿದೆ.

ಮುನ್ನಾರಿನ ಅಕ್ಕತಂಗಿಯರನ್ನು ನೆನೆಯೋಣ. ಹಿಂದಿನ ವರ್ಷ 19 ಶೇಕಡಾ ಇದ್ದ ಬೋನಸ್ಸು 2015ರಲ್ಲಿ 10ಕ್ಕೆ ಇಳಿಯಿತು. ಸೆಪ್ಟೆಂಬರಿನಲ್ಲಿ ಸಾವಿರಾರು ಹೆಂಗಸರು ಟೀ ಸೊಪ್ಪು ಕೀಳುವುದನ್ನು ಬಿಟ್ಟು ರಸ್ತೆಯಲ್ಲಿ ಕುಳಿತರು. 'ಪೆಂಬಿಳೈ ಒರುಮೈ', ಅಂದರೆ ಹೆಂಗಸರ ಒಗ್ಗಟ್ಟು, ಎಂದು ತಮ್ಮನ್ನು ಕರೆದುಕೊಂಡರು. ಒಂಬತ್ತು ದಿನಗಳ ಮೇಲೆ 20 ಶೇಕಡಾ ಸಿಕ್ಕಿತು. ಆದರೆ ಲೆಕ್ಕ ಬರೆದ ರೀತಿ ನೋಡಿ: 8.33 ಬೋನಸ್ಸು, ಉಳಿದ 11.67 ಎಕ್ಸ್‌ಗ್ರೇಷಿಯಾ, ಅಂದರೆ ಕಂಪನಿ ತಾನಾಗಿ ಮನಸ್ಸಿಟ್ಟು ಕೊಟ್ಟದ್ದು! ಹೋರಾಡಿ ಪಡೆದದ್ದೂ ಕಾಗದದಲ್ಲಿ ಉಡುಗೊರೆಯಾಯಿತು.

ಇನ್ನು ಬಹುಮಾನಗಳ ವಿಚಾರ. ಪೂರ್ತಿ ಹಾಜರಿಗೆ ಬಹುಮಾನ ಎಂದರೆ ಜ್ವರ ಬಂದ ತಾಯಿಯೂ ಕೆಲಸಕ್ಕೆ ಹೊರಡುತ್ತಾಳೆ. ಹೆಚ್ಚು ಸೊಪ್ಪು ಕಿತ್ತವಳೊಬ್ಬಳಿಗೆ ಹಾರ ಹಾಕಿದರೆ ಉಳಿದವರು ಅವಳನ್ನು ಓರೆಗಣ್ಣಿನಿಂದ ನೋಡುತ್ತಾರೆ. ತೂಕದಲ್ಲಿ ಕಿಲೋ ಕಿಲೋ ಕಳೆದದ್ದನ್ನು ಮಿಠಾಯಿ ಡಬ್ಬಿಯಲ್ಲಿ ತುಂಬಿಕೊಡಲಾಗದು.

ಮೂವತ್ತು ವರ್ಷ ದುಡಿದು ನಿವೃತ್ತಳಾದವಳಿಗೆ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಫೋಟೋ ತೆಗೆಯುವುದನ್ನೂ ನಾವು ಕಂಡಿದ್ದೇವೆ. ಅವಳ ಗ್ರಾಚ್ಯುಟಿ ಎಷ್ಟು? ವರ್ಷಕ್ಕೆ 15 ದಿನದ ಕೂಲಿಯಂತೆ 450 ದಿನದ ಕೂಲಿ. ಅದು 30 ದಿನದೊಳಗೆ ಕೈಸೇರಬೇಕು. ಸೇರದಿದ್ದರೆ ಆ ಗಡಿಯಾರ ಅವಳು ಕಾಯುವ ಹೊತ್ತನ್ನು ಎಣಿಸುತ್ತದೆ, ಅಷ್ಟೆ.

ದ್ರಾಕ್ಷೇ ತೋಟದ ಯಜಮಾನನ ಸಾಮ್ಯ ನಮಗೆಲ್ಲ ಗೊತ್ತು. ಕಡೆಗೆ ಬಂದವರಿಗೆ ಅವನು ಧಾರಾಳವಾಗಿ ಕೊಟ್ಟನು. ಆದರೆ ಮೊದಲು ಬಂದವರಿಗೆ ಒಪ್ಪಿದ ಕೂಲಿಯಲ್ಲಿ ಕಾಸೂ ಕಡಿಮೆ ಮಾಡಲಿಲ್ಲ. ಅವನ ಧಾರಾಳಕ್ಕೆ ಬೆಲೆ ಬಂದದ್ದು ಅದರಿಂದಲೇ.

ಆದುದರಿಂದ ಸಹೋದರ ಸಹೋದರಿಯರೇ, ಉಡುಗೊರೆ ಬಂದರೆ ಸಂತೋಷದಿಂದ ತೆಗೆದುಕೊಳ್ಳೋಣ. ಆದರೆ ಕೂಲಿ ಚೀಟಿಯನ್ನು ಮಕ್ಕಳ ಕೈಯಲ್ಲಾದರೂ ಓದಿಸಿ ಇಟ್ಟುಕೊಳ್ಳೋಣ. ಯಾವುದು ಕೊಡುಗೆ, ಯಾವುದು ನಮಗೆ ಸಲ್ಲಬೇಕಾದದ್ದು ಎಂಬುದನ್ನು ಮನೆಯಲ್ಲಿ ಎಲ್ಲರೂ ತಿಳಿದಿರಲಿ. ಕೊಡುಗೆಗೆ ಕೃತಜ್ಞತೆ ಹೇಳೋಣ. ಹಕ್ಕಿಗೆ ಲೆಕ್ಕ ಕೇಳೋಣ.